ಹೋದವರ ಲೆಕ್ಕ

ಜನಗಣತಿ ಊರಲ್ಲಿದ್ದವರನ್ನು ಎಣಿಸುತ್ತದೆ. ಕಡಲಾಚೆಗೆ ಹೋದವರ ಲೆಕ್ಕವನ್ನು ಇಡುವವರಾರು? 1998ರಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕೆ. ಸಿ. ಜಕರಿಯಾ, ಇರುದಯ ರಾಜನ್ ಮೊದಲಾದ ವಿದ್ವಾಂಸರು ಕೇರಳದ 10,000 ಮನೆಗಳಲ್ಲಿ ವಿಚಾರಿಸಿದರು. ಉಳಿದವರ ಬಾಯಿಂದಲೇ ಹೋದವರ ಲೆಕ್ಕ ದೊರೆಯಿತು: ಹೊರದೇಶಗಳಲ್ಲಿದ್ದವರು ಸುಮಾರು 13.6 ಲಕ್ಷ.

ಅಷ್ಟಕ್ಕೇ ನಿಂತಿದ್ದರೆ ಅದು ಕಪಾಟು ಸೇರಿದ ಇನ್ನೊಂದು ವರದಿಯಾಗುತ್ತಿತ್ತು. ಐದೈದು ವರ್ಷಕ್ಕೊಮ್ಮೆ ಮತ್ತೆ ಕೇಳಿದುದರಿಂದಲೇ, 2013ರಲ್ಲಿ 24 ಲಕ್ಷವಿದ್ದ ಸಂಖ್ಯೆ 2018ರಲ್ಲಿ 21 ಲಕ್ಷಕ್ಕೆ ಇಳಿದುದು ತಿಳಿಯಿತು. ಅದೇ ಮಾದರಿಯ ಸಮೀಕ್ಷೆ 2008ರಲ್ಲಿ ಗೋವೆಯಲ್ಲಿ, 2015ರಲ್ಲಿ ತಮಿಳುನಾಡಿನಲ್ಲಿ ನಡೆಯಿತು; ಒಂದು ನಾಡಿನ ಅಂಕಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡುವ ವಿದ್ವಾಂಸರ ಬಳಗವೂ ಬೆಳೆಯಿತು.

ವಿರಹವನ್ನು ಕಾವ್ಯದಲ್ಲಷ್ಟೇ ಓದಿ, ಪಾಠ ಹೇಳಿದವನು ನಾನು. ಕೇರಳದಲ್ಲಿ ಪತಿಯನ್ನು ಅಗಲಿ ಬಾಳುತ್ತಿದ್ದ ಸ್ತ್ರೀಯರು ಹತ್ತು ಲಕ್ಷದಷ್ಟೆಂಬುದನ್ನು ನನಗೆ ತಿಳಿಸಿದುದು ಆ ಲೆಕ್ಕವೇ.