ತೋಟಾ ಮತ್ತು ಕಡತ: ಆಯ್ಕೆಗಳ ಒಂದು ಇತಿಹಾಸ

ಬಂದೂಕಿಗೂ ಗಣಕಯಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆದರೆ 'ಯಾವ ಮಾದರಿ ಒಳ್ಳೆಯದು?' ಎಂಬ ವಾದ ಎರಡರಲ್ಲಿಯೂ ಒಂದೇ ಬಗೆಯದು. ಅರೆಸ್ವಯಂಚಾಲಿತ ರೈಫಲ್‌ಗಳ ಬಗ್ಗೆ ಸೇನೆಗಳಲ್ಲಿ ದಶಕಗಳ ಕಾಲ ಚರ್ಚೆ ನಡೆಯಿತು. ವಿಂಡೋಸ್ ಮೇಲೋ ಲಿನಕ್ಸ್ ಮೇಲೋ ಎಂಬ ಚರ್ಚೆ ಈಗಲೂ ನಡೆದಿದೆ. ವಾದಿಸುವವರು ಸಾಮಾನ್ಯವಾಗಿ ಯಂತ್ರವನ್ನಷ್ಟೇ ನೋಡುತ್ತಾರೆ. ಇತಿಹಾಸವನ್ನು ನೋಡಿದರೆ, ಬಂದೂಕನ್ನು ಆರಿಸುವವರು ಅದರ ಜೊತೆಗೆ ತೋಟಾವನ್ನೂ, ಆಪರೇಟಿಂಗ್ ಸಿಸ್ಟಂ ಆರಿಸುವವರು ಅದರ ಜೊತೆಗೆ ಕಡತದ ರೂಪವನ್ನೂ ಆರಿಸುತ್ತಾರೆ ಎಂಬುದು ತಿಳಿಯುತ್ತದೆ. ಯಂತ್ರ ಹತ್ತಿಪ್ಪತ್ತು ವರ್ಷಕ್ಕೆ ಹಳತಾಗುತ್ತದೆ. ಜೊತೆಗೆ ಬಂದದ್ದು ಮಾತ್ರ ಬಹುಕಾಲ ಉಳಿಯುತ್ತದೆ.

ಒಂದು ತೋಟಾ, ಒಂದು ಕಾಯಿದೆ

1850ರ ದಶಕದವರೆಗೆ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು 'ಬ್ರೌನ್ ಬೆಸ್' ಎಂಬ ನುಣುಪು ನಳಿಗೆಯ ಬಂದೂಕು. ಅದರ ಗುಂಡು ನೂರು ಗಜದಾಚೆಗೆ ಗುರಿ ತಪ್ಪುತ್ತಿತ್ತು. ಇದರ ಬದಲಿಗೆ ಬಂದದ್ದು 1853ರ ಎನ್‌ಫೀಲ್ಡ್ ಮಾದರಿ. ಅದರ ನಳಿಗೆಯ ಒಳಗೆ ತಿರುಪಿನಂತೆ ಮೂರು ಗೀರುಗಳಿದ್ದವು. 78 ಅಂಗುಲಕ್ಕೆ, ಎಂದರೆ ಸುಮಾರು 2 ಮೀಟರಿಗೆ, ಒಂದು ಸುತ್ತು. ಗುಂಡಿನ ವೇಗ ಸೆಕೆಂಡಿಗೆ 270 ಮೀಟರ್ ಎಂದುಕೊಂಡರೆ ಅದು ಸೆಕೆಂಡಿಗೆ ಸುಮಾರು 135 ಸುತ್ತು ತಿರುಗುತ್ತ ಹೊರಬೀಳುತ್ತದೆ. ಬುಗುರಿ ತಿರುಗುವಾಗ ಬೀಳದೆ ನಿಲ್ಲುವಂತೆ, ಕೋನೀಯ ಸಂವೇಗದಿಂದಾಗಿ ಗುಂಡೂ ತಲೆಕೆಳಗಾಗದೆ ಸಾಗುತ್ತದೆ.

ಯಂತ್ರವಾಗಿ ಇದು ಖಂಡಿತ ಉತ್ತಮ ಆಯ್ಕೆ. ತೊಡಕಿದ್ದದ್ದು ತೋಟಾದಲ್ಲಿ. ಜಿಡ್ಡು ಸವರಿದ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಆ ಜಿಡ್ಡು ದನದ, ಹಂದಿಯ ಕೊಬ್ಬಿನದು ಎಂಬ ಸುದ್ದಿ 1857ರಲ್ಲಿ ಏನು ಮಾಡಿತೆಂಬುದು ನಿಮಗೆ ತಿಳಿದೇ ಇದೆ. ಆರಿಸಿದವರು ಸೇನೆಯ ತಜ್ಞರು, ಕಚ್ಚಬೇಕಾದವರು ಸಿಪಾಯಿಗಳು. ಇವರನ್ನು ಅವರು ಕೇಳಿರಲಿಲ್ಲ.

ದಂಗೆಯ ನಡುವೆ, ಅದೇ ವರ್ಷ, ಸರಕಾರ ಜನರ ಆಯುಧಗಳನ್ನು ನಿಯಂತ್ರಿಸುವ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಅವರಿಗೆ ಆಯುಧ ಎಂದರೆ ಬೇಟೆ, ಚಾಕರಿ ಮತ್ತು ಮಾನ. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಫ್ಲೀಟ್ ಸಂಗ್ರಹಿಸಿದ ಲಾವಣಿಯ ಮೂಲಕ ಈ ಕಥೆ ನಾಡಿಗೆಲ್ಲ ತಿಳಿಯಿತು. ಸಿಪಾಯಿಗೆ ಬೇಡವಾದ ಆಯುಧವನ್ನು ಕೈಗಿತ್ತ ಆಡಳಿತವೇ ಬೇಡರ ಕೈಯ ಆಯುಧವನ್ನು ಕಿತ್ತುಕೊಂಡಿತು. ಎರಡು ಕಡೆಯೂ ಬಳಸುವವನಿಗೆ ಆಯ್ಕೆ ಇರಲಿಲ್ಲ ಎಂಬುದನ್ನು ಗಮನಿಸಿ.

ದಾಸ್ತಾನು ನಿರ್ಧರಿಸಿದ ಮಾದರಿ

ಅರೆಸ್ವಯಂಚಾಲಿತ ರೈಫಲ್ ಎಂದರೇನು? ಹಲವು ಮಾದರಿಗಳಲ್ಲಿ, ಗುಂಡು ಹಾರುವಾಗ ನಳಿಗೆಯಲ್ಲಿನ ಬಿಸಿ ಅನಿಲದ ಒಂದು ಪಾಲು ಸಣ್ಣ ರಂಧ್ರದ ಮೂಲಕ ಹೋಗಿ ಕೊಂತವನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ತೋಟಾ ಹೊರಬೀಳುತ್ತದೆ, ಸ್ಪ್ರಿಂಗು ಮುಂದಿನ ತೋಟಾವನ್ನು ಒಳಕ್ಕೆ ದೂಡುತ್ತದೆ. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು. ತುಂಬುವ ಕೆಲಸವನ್ನು ಮಾತ್ರ ಯಂತ್ರವೇ ಮಾಡಿಕೊಳ್ಳುತ್ತದೆ.

1930ರ ಸುಮಾರಿಗೆ ಅಮೆರಿಕದ ಸೇನೆಯ ಮುಂದೆ ಇಂಥ ಎರಡು ಮಾದರಿಗಳಿದ್ದವು. ಒಂದು ಪೆಡರ್ಸನ್‌ನದು, ಇನ್ನೊಂದು ಜಾನ್ ಗರಾಂಡ್‌ನದು. ಎರಡೂ .276 ಅಂಗುಲದ ಹೊಸ, ಹಗುರ ತೋಟಾಕ್ಕೆ ಹೊಂದುವಂತಿದ್ದವು. ಪೆಡರ್ಸನ್‌ನ ರೈಫಲ್ ಸರಿಯಾಗಿ ನಡೆಯಲು ತೋಟಾಕ್ಕೆ ಮೇಣ ಸವರಬೇಕಿತ್ತು. ಗೆದ್ದದ್ದು ಗರಾಂಡ್. ಆದರೆ 1932ರಲ್ಲಿ ಸೇನಾ ಮುಖ್ಯಸ್ಥ ಡಗ್ಲಾಸ್ ಮ್ಯಾಕ್‌ಆರ್ಥರ್ ಹೊಸ ತೋಟಾವನ್ನು ಒಪ್ಪಲಿಲ್ಲ. ಉಗ್ರಾಣಗಳಲ್ಲಿ .30 ಅಂಗುಲದ ಹಳೆಯ ತೋಟಾಗಳು ರಾಶಿ ಬಿದ್ದಿದ್ದವು. ಗರಾಂಡ್ ತನ್ನ ರೈಫಲನ್ನು ಹಳೆಯ ತೋಟಾಕ್ಕೇ ಹೊಂದಿಸಬೇಕಾಯಿತು. 1936ರಲ್ಲಿ ಅದು ಸೇನೆಗೆ ಸೇರಿತು.

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ ಸುಮಾರು 7 ಮಿಲಿಮೀಟರಿನ ತೋಟಾವನ್ನು ಸೂಚಿಸಿದರೂ ಅಮೆರಿಕ ತನ್ನ .30 ಅಂಗುಲದ, ಎಂದರೆ 7.62 ಮಿ.ಮೀ.ನ ಪಟ್ಟು ಬಿಡಲಿಲ್ಲ. 1954ರಲ್ಲಿ ನ್ಯಾಟೋ ಕೂಟ ಅದನ್ನೇ ಮಾನಕವಾಗಿ ಸ್ವೀಕರಿಸಿತು.

ಈ ಸರಪಳಿ ನಮ್ಮ ದೇಶಕ್ಕೂ ಬಂತು. 1962ರ ಚೀನಾ ಯುದ್ಧದಲ್ಲಿ ನಮ್ಮ ಹೆಚ್ಚಿನ ಯೋಧರ ಕೈಯಲ್ಲಿದ್ದದ್ದು .303ರ ಎನ್‌ಫೀಲ್ಡ್, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ಯುದ್ಧದ ನಂತರ ಕೋಲ್ಕತ್ತ ಬಳಿಯ ಈಶಾಪುರ ಕಾರ್ಖಾನೆಯಲ್ಲಿ ಬೆಲ್ಜಿಯಂನ ಎಫ್.ಎ.ಎಲ್. ಮೂಲದ ಎಸ್.ಎಲ್.ಆರ್. ತಯಾರಾಗತೊಡಗಿತು. ಅದರ ತೋಟಾ 7.62 ಮಿ.ಮೀ. ಒಂದೇ ಮೂಲದ ರೈಫಲ್ ಆದರೂ ಬ್ರಿಟನ್ನಿನದು ಇಂಚಿನ ಅಳತೆ, ಬೆಲ್ಜಿಯಂನದು ಮೆಟ್ರಿಕ್. ಹೊರನೋಟಕ್ಕೆ ಅವಳಿಜವಳಿಯಾದರೂ ಹಲವು ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ.

1990ರ ದಶಕದಲ್ಲಿ ಬಂದ ಇನ್ಸಾಸ್ ರೈಫಲ್ 5.56 ಮಿ.ಮೀ.ನದು. ಸ್ವಲ್ಪ ಲೆಕ್ಕ ಮಾಡೋಣ. 7.62ರ ಗುಂಡಿನ ತೂಕ ಸುಮಾರು 9.5 ಗ್ರಾಂ, ವೇಗ ಸೆಕೆಂಡಿಗೆ 840 ಮೀಟರ್. ಚಲನ ಶಕ್ತಿ ಸುಮಾರು 3350 ಜೂಲ್. 5.56ರ ಗುಂಡು 4 ಗ್ರಾಂ, ವೇಗ ಸುಮಾರು 900 ಮೀಟರ್. ಶಕ್ತಿ 1620 ಜೂಲ್. ಹೆಗಲಿಗೆ ಬೀಳುವ ಪೆಟ್ಟನ್ನು ನಿರ್ಧರಿಸುವ ಸಂವೇಗವೂ ಅರ್ಧಕ್ಕಿಂತ ಕಡಿಮೆ. ಯೋಧ ಅಷ್ಟೇ ಭಾರಕ್ಕೆ ಹೆಚ್ಚುಕಡಿಮೆ ಇಮ್ಮಡಿ ತೋಟಾ ಹೊರಬಲ್ಲ. ಆದರೆ ದೂರದ ಗುರಿಯಲ್ಲಿ ಪೆಟ್ಟಿನ ಬಲ ಕಡಿಮೆ. ಹೀಗಿರುವಾಗ 'ಯಾವುದು ಒಳ್ಳೆಯದು' ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲಾರದು. ಯಾರಿಗೆ, ಎಲ್ಲಿ, ಯಾವ ಕೆಲಸಕ್ಕೆ ಎಂದು ಕೇಳಲೇಬೇಕು.

ಕನ್ನಡದ ತೋಟಾ

ಈಗ ಗಣಕಕ್ಕೆ ಬನ್ನಿ. ಗಣಕದಲ್ಲಿ ಅಕ್ಷರ ಎಂದರೆ ಒಂದು ಸಂಖ್ಯೆ. ವಿಂಡೋಸ್ 95, 98ರ ಕಾಲದಲ್ಲಿ ಕನ್ನಡಕ್ಕೆಂದು ಬೇರೆ ಸಂಖ್ಯೆಗಳಿಗೆ ಆಸರೆ ಇರಲಿಲ್ಲ. ಆದ್ದರಿಂದ ಇಂಗ್ಲಿಷ್ ಮೊದಲಾದ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಫಾಂಟ್‌ಗಳನ್ನು ಮಾಡಿದರು. ಶ್ರೀಲಿಪಿ, ಆಕೃತಿ, ಬರಹ, ನುಡಿ ಇವೆಲ್ಲ ಆ ಕಾಲದ ಉಪಕಾರಿಗಳು. ಅವಿಲ್ಲದಿದ್ದರೆ ಗಣಕದಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದರೆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಒಂದರ ತೋಟಾ ಇನ್ನೊಂದರ ನಳಿಗೆಗೆ ಹೊಂದದ ಸ್ಥಿತಿ ಇದು.

1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ಸಿಕ್ಕಿತು. ಅಲ್ಲಿ 'ಕ' ಎಂದರೆ 3221, ಪ್ರಪಂಚದ ಯಾವ ಗಣಕದಲ್ಲಿಯಾದರೂ. ಅದೇ ವರ್ಷ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತೋರಿಸಿತು. ಲಿನಕ್ಸಿನಲ್ಲಿ ಸ್ವಯಂಸೇವಕರು ಅದೇ ಕೆಲಸವನ್ನು ಮಾಡಿದರು.

ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ. ವ್ಯವಸ್ಥೆಗಳು ಹೀಗೆ ಬಂದುಹೋದರೂ ಯೂನಿಕೋಡಿನಲ್ಲಿ ಟೈಪಿಸಿದ್ದು ಇಂದಿಗೂ ಓದಲು ಬರುತ್ತದೆ. ಹಳೆಯ ಸಂಕೇತದಲ್ಲಿ ಕುಳಿತಿರುವ ಪುಸ್ತಕ, ಪ್ರಬಂಧ, ದಾಖಲೆಗಳು ಪರಿವರ್ತನೆಗೆ ಕಾದಿವೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ಆಮೇಲೆ ಕಣ್ಣಿಟ್ಟು ತಿದ್ದಬೇಕು. ತಿದ್ದುವವರಿಲ್ಲದ ಕಡತ ಕಳೆದುಹೋದಂತೆಯೇ.

ಚಿಕ್ಕಪಡಸಲಗಿಯ ಲೆಕ್ಕ

'ಸ್ವತಂತ್ರ ತಂತ್ರಾಂಶವನ್ನು ಯಾರು ನೋಡಿಕೊಳ್ಳುತ್ತಾರೆ?' ಎಂದು ಹಲವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಹಲಗಲಿ ಇರುವ ಬಾಗಲಕೋಟೆ ಜಿಲ್ಲೆಯಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. ಜಮಖಂಡಿ ಬಳಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸರಕಾರಕ್ಕೆ ಕಾಯದೆ ತಮ್ಮದೇ ಹಣ ಮತ್ತು ದುಡಿಮೆಯಿಂದ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರು. ಹಂಚಿಕೊಂಡು ಕಟ್ಟಿದ್ದನ್ನು ಹಂಚಿಕೊಂಡೇ ಕಾಯಬೇಕಾಗುತ್ತದೆ. ಅದು ಪುಕ್ಕಟೆಯಲ್ಲ, ಆದರೆ ಅದರ ಬಾಗಿಲು ತೆರೆಯಲು ದೂರದ ಕಂಪನಿಯನ್ನು ಕೇಳಬೇಕಾಗಿಲ್ಲ. ಲಿನಕ್ಸ್ ಕೂಡ ಇದೇ ಬಗೆಯದು. ದುರಸ್ತಿ ಬಲ್ಲ ಒಬ್ಬರೂ ಇಲ್ಲದ ಶಾಲೆ ಅದನ್ನು ಆರಿಸಿದರೆ ಕಷ್ಟ. ಇಬ್ಬರು ಕಲಿತ ಶಿಕ್ಷಕರಿದ್ದರೆ ಹಳೆಯ ಯಂತ್ರಗಳೂ ಇನ್ನಷ್ಟು ವರ್ಷ ಬಾಳುತ್ತವೆ.

ನಿಮ್ಮ ಶಾಲೆಗೋ ಗ್ರಂಥಾಲಯಕ್ಕೋ ಪಂಚಾಯಿತಿಗೋ ಗಣಕ ಕೊಳ್ಳುವ ಸಂದರ್ಭ ಬಂದರೆ ಯಂತ್ರದ ವೇಗ, ಬೆಲೆಗಳ ಜೊತೆಗೆ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಬರೆದ ಕಡತ ಬೇರೆ ವ್ಯವಸ್ಥೆಯಲ್ಲಿ ತೆರೆಯುತ್ತದೆಯೇ? ಕೆಟ್ಟರೆ ಸರಿಪಡಿಸುವವರು ಹತ್ತಿರದಲ್ಲಿದ್ದಾರೆಯೇ? ದಿನವೂ ಬಳಸಬೇಕಾದವರನ್ನು ಕೇಳಿದ್ದೀರಾ? ಈ ಕೊನೆಯ ಪ್ರಶ್ನೆಯನ್ನು 1857ರಲ್ಲಿ ಯಾರೂ ಕೇಳಿರಲಿಲ್ಲ. ಮನೆಯ ಹಳೆಯ ಸಿ.ಡಿ.ಗಳಲ್ಲಿ ಹಳೆಯ ಫಾಂಟಿನ ಕಡತಗಳಿದ್ದರೆ, ಅವನ್ನು ಓದುವ ಯಂತ್ರ ಇರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ.