ಡ್ರೆಡ್‌ನಾಟ್ ಗಿಟಾರಿನ ಹಳೆಯ ಮಾದರಿಗಳು: ಒಂದು ಶೋಧ

ವಾದ್ಯವೊಂದರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ನುಡಿಸಿದವರ ಕಡೆಗೇ ದೃಷ್ಟಿ ಹರಿಸುತ್ತಾರೆ. ಅದರ ಮರ ಎಲ್ಲಿಂದ ಬಂದಿತು, ಏಕೆ ನಿಂತಿತು ಎಂದು ವಿಚಾರಿಸುವವರು ವಿರಳ. ಅಮೆರಿಕದ ‘ಡ್ರೆಡ್‌ನಾಟ್’ ಗಿಟಾರಿನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

ಪೆನ್ಸಿಲ್ವೇನಿಯಾದ ನ್ಯಾಜರೆತ್ ಊರಿನ ಮಾರ್ಟಿನ್ ಕಾರ್ಖಾನೆ ಈ ಮಾದರಿಯನ್ನು 1916ರಲ್ಲಿ ಮೊದಲು ತಯಾರಿಸಿದುದು ಬಾಸ್ಟನ್ನಿನ ಡಿಟ್ಸನ್ ಎಂಬ ವರ್ತಕ ಸಂಸ್ಥೆಗಾಗಿ. ಹೆಸರು ಬಂದುದು 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯಿಂದ. ಒಡಲಿನ ಆಳ ಸುಮಾರು 5 ಅಂಗುಲ, ನಡು ಅಗಲ, ಎರಡು ಹೆಗಲುಗಳೂ ಪೂರ್ಣ. ಮೇಲಿನ ಮೆಟ್ಟಿಲುಗಳಿಗೆ ಕೈ ಎಟುಕಲೆಂದು ಒಂದು ಹೆಗಲನ್ನು ಕೊರೆದು ತೆಗೆಯುವ ಪದ್ಧತಿ ಇದರಲ್ಲಿಲ್ಲ. ಹಾಡುಗಾರನ ಕಂಠಕ್ಕೆ ಮಂದ್ರದ ಒತ್ತಾಸೆಯನ್ನು ಕೊಡುವುದೇ ಇದರ ಗುಣ. ಮಾರ್ಟಿನ್ ಸಂಸ್ಥೆ ತನ್ನದೇ ಹೆಸರಿನಲ್ಲಿ ಇದನ್ನು ಹೊರತಂದುದು 1931ರಲ್ಲಿ.

1933ರಲ್ಲಿ ಗಾಯಕ ಜೀನ್ ಆಟ್ರಿಗಾಗಿ ಡಿ-45 ಎಂಬ ಅಲಂಕೃತ ಮಾದರಿ ಸಿದ್ಧವಾಯಿತು. 1942ರ ವರೆಗೆ ಆದವು 91 ಮಾತ್ರ. ಅನಂತರ 1968ರ ವರೆಗೆ ಅದು ಮರಳಲಿಲ್ಲ. ಡಿ-28ರ ಕಥೆ ಇದಕ್ಕಿಂತ ಜಟಿಲವಾದುದು. ಮೇಲ್ಹಲಗೆಯ ಒಳಪಟ್ಟಿಗಳನ್ನು ಕೆತ್ತಿ ಹಗುರಗೊಳಿಸುವ ರೂಢಿಯನ್ನು, ದಪ್ಪ ತಂತಿಗಳ ಸೆಳೆತಕ್ಕೆ ಹಲಗೆ ಬಾಗದಿರಲೆಂದು, 1944ರಲ್ಲಿ ಕೈಬಿಡಲಾಯಿತು. ಹೆರಿಂಗ್ ಮೀನಿನ ಮುಳ್ಳಿನಂತೆ ಹೆಣೆದ ಅಂಚುಪಟ್ಟಿ ಜರ್ಮನಿಯಿಂದ ಬರುತ್ತಿತ್ತು. ಇದ್ದ ದಾಸ್ತಾನು ತೀರಿ 1947ರಲ್ಲಿ ಅದೂ ನಿಂತಿತು. ಮಹಾಯುದ್ಧವೊಂದು ಗಿಟಾರಿನ ಅಂಚಿನವರೆಗೂ ಕೈ ಚಾಚಿದುದು ವಿಚಿತ್ರವೇ ಸರಿ. 1976ರಲ್ಲಿ ಎಚ್‌ಡಿ-28 ಎಂಬ ಹೆಸರಿನಿಂದ ಈ ಎರಡು ಲಕ್ಷಣಗಳೂ ಮರಳಿದುದರಿಂದ, ಅಂಚುಪಟ್ಟಿಯೊಂದನ್ನೇ ನೋಡಿ ವಾದ್ಯದ ವಯಸ್ಸನ್ನು ನಿರ್ಣಯಿಸುವವರು ಎಡವುತ್ತಾರೆ.

ಮರಳದೆ ಹೋದುದು ಮರ. ಬ್ರೆಜಿಲಿನ ರೋಸ್‌ವುಡ್‌ನ ಅಗಲ ಹಲಗೆಗಳು ದುರ್ಲಭವಾದಾಗ, 1965ರಲ್ಲಿ, ಬೆನ್ನನ್ನು ಮೂರು ತುಂಡುಗಳಿಂದ ಜೋಡಿಸಿದ ಡಿ-35 ಹುಟ್ಟಿತು. ಕೊರತೆಯನ್ನು ಸೊಬಗಾಗಿಸಿದ ಈ ಜಾಣ್ಮೆ ನಾಲ್ಕು ವರ್ಷ ಕಾಲ ತಳ್ಳಿತಷ್ಟೆ. 1969ರಲ್ಲಿ ಕಾರ್ಖಾನೆ ತನ್ನ ನಿತ್ಯದ ತಯಾರಿಕೆಗೆ ಅದೇ ಕುಲದ ಭಾರತೀಯ ಮರವನ್ನು ಹಿಡಿಯಿತು. ಕೊಡಗು, ಮಲೆನಾಡುಗಳ ಓದುಗರಿಗೆ ಆ ಮರವನ್ನು ಪರಿಚಯಿಸಬೇಕಾಗಿಲ್ಲ. ಅದು ನಮ್ಮ ಬೀಟೆಯೇ.

ಹೀಗಿರುವಾಗ ಹಳೆಯ ವಾದ್ಯವನ್ನು ಗುರುತಿಸುವುದೆಂತು? 1898ರಿಂದ ಈಚೆಗೆ ಒತ್ತಿದ ಕ್ರಮಸಂಖ್ಯೆಯೂ, 1930ರಿಂದ ಈಚೆಗೆ ಅದರೊಡನೆ ಕಾಣುವ ಮಾದರಿಯ ಹೆಸರೂ ಒಡಲಿನೊಳಗೆ, ಕೊರಳಿನ ಬುಡದ ದಿಮ್ಮಿಯ ಮೇಲೆ ಇರುತ್ತವೆ. ಇದೇ ಶಾಸನ. ಆದರೆ ದುರಸ್ತಿಯಲ್ಲಿ ಹಲಗೆ ಬದಲಾಗಿರಬಹುದು, ಒಳಪಟ್ಟಿಯನ್ನು ಮತ್ತೆ ಕೆತ್ತಿರಬಹುದು. ಸಂಖ್ಯೆ ಕಟ್ಟಿದ ವರ್ಷವನ್ನು ಹೇಳುತ್ತದೆಯೇ ಹೊರತು ಮುಂದೆ ನಡೆದುದನ್ನು ಹೇಳದು. ತಾಮ್ರಪಟಗಳ ಪರಿಶೀಲನೆಯಲ್ಲಿ ಪಳಗಿದವರಿಗೆ ಈ ಎಚ್ಚರ ಹೊಸದಲ್ಲ.

ಈ ಪರೀಕ್ಷೆ ಈಗ ಸಂಗ್ರಾಹಕರ ಹವ್ಯಾಸವಾಗಿ ಉಳಿದಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವು 1992ರಲ್ಲಿ ಬ್ರೆಜಿಲಿನ ಮರವನ್ನು ಅತಿ ಕಠಿಣವಾದ ಮೊದಲ ಪಟ್ಟಿಗೆ ಸೇರಿಸಿತು. 2017ರಲ್ಲಿ ಬೀಟೆಯೂ ಎರಡನೆಯ ಪಟ್ಟಿಗೆ ಬಂದಿತು. ಆದರೆ ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಮೊದಲ ಪಟ್ಟಿಯ ಮರಕ್ಕೆ ಆ ವಿನಾಯಿತಿ ಇಲ್ಲ. ಅಜ್ಜನಿಂದ ಬಂದ ಡಿ-28ನ್ನು ಹಿಡಿದು ಗಡಿ ದಾಟುವ ವಾದಕನು ಅದರ ಮರ 1992ಕ್ಕೆ ಹಿಂದಿನದೆಂದು ತೋರಿಸಿ ಪ್ರಮಾಣಪತ್ರ ಪಡೆಯಬೇಕಾದಾಗ, ಒಡಲಿನೊಳಗಿನ ಆ ಸಂಖ್ಯೆಯೇ ಅವನ ಮೊದಲ ಸಾಕ್ಷಿ.