ಕರ್ಣಾಟಕದ ಮಲ್ಲವಿದ್ಯೆಯಲ್ಲಿ ಶ್ರಮ ಮತ್ತು ಫಲ

ಕಾಳಗದ ವಿದ್ಯೆಯ ಅಭ್ಯಾಸವು ಕಾಳಗಕ್ಕಿಂತಲೂ ಮೊದಲಾಗಿ ಅಭ್ಯಾಸಿಯ ಮೈಯನ್ನೂ ಮನಸ್ಸನ್ನೂ ತಿದ್ದುವ ಸಾಧನವೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತದೆ. ಗರಡಿಯ ಸಾಮು ಆರೋಗ್ಯಕ್ಕೂ ಧೈರ್ಯಕ್ಕೂ ಇಂದ್ರಿಯನಿಗ್ರಹಕ್ಕೂ ದಾರಿಯೆಂದು ಹೇಳುವವರು, ಇದೇ ನಮ್ಮ ಹಿರಿಯರ ಮತವಾಗಿದ್ದಿತೆಂದೂ ಸೇರಿಸುವುದುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೇಳುವವರು ಭಾವಿಸಿರುವಷ್ಟು ಸರಳವಾದ ಸತ್ಯ ಅದಲ್ಲ. ಕರ್ಣಾಟಕದ ಮಲ್ಲವಿದ್ಯೆಗೆ ಸಂಬಂಧಪಟ್ಟ ಆಧಾರಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ, ಶ್ರಮಪಡುವವನೊಬ್ಬ, ಫಲವನ್ನು ಉಣ್ಣುವವನು ಇನ್ನೊಬ್ಬ ಎಂಬ ಸ್ಥಿತಿಯು ಬಹುಕಾಲ ನಡೆದುಬಂದಿತೆಂದೂ, ಶ್ರಮದ ಫಲವು ಶ್ರಮಿಸಿದವನಿಗೇ ಸೇರತಕ್ಕುದೆಂಬ ಭಾವನೆಯು ಬೇರೆಬೇರೆ ದಾರಿಗಳಿಂದ ಮೆಲ್ಲಮೆಲ್ಲನೆ ಬಂದು ಕೂಡಿಕೊಂಡಿತೆಂದೂ ಕಂಡುಬರುವುದು.

ಈ ವಿಚಾರದಲ್ಲಿ ಮೊದಲು ನೋಡತಕ್ಕ ಗ್ರಂಥವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಇದರ ಇನ್ನೊಂದು ಹೆಸರು. ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳೂ ನೂರು ಅಧ್ಯಾಯಗಳೂ ಇರುವುವು. ಮಲ್ಲರ ವಿಷಯವು ಬರುವುದು ರಾಜನ ವಿನೋದಗಳನ್ನು ಹೇಳುವ ನಾಲ್ಕನೆಯ ವಿಂಶತಿಯಲ್ಲಿ. ಅದರ ನೆರೆಯಲ್ಲಿ ಕೋಳಿ, ಟಗರು, ಕೋಣಗಳ ಕಾಳಗಗಳೂ, ಮುಂದೆ ಗೀತ ವಾದ್ಯ ನೃತ್ಯಗಳೂ ಇವೆ. ಅಧ್ಯಾಯದ ಈ ಸ್ಥಾನವೇ ಅರ್ಧ ವಿಷಯವನ್ನು ತಿಳಿಸುವುದು. ಮಲ್ಲನು ಇಲ್ಲಿ ಸಾಧಕನಲ್ಲ. ಅರಸನ ಕಣ್ಣಿಗೆ ಹಬ್ಬವಾಗಬೇಕಾದವನು.

ಆದರೂ ಗ್ರಂಥಕಾರನ ಸೂಕ್ಷ್ಮದೃಷ್ಟಿಯು ಮೆಚ್ಚತಕ್ಕುದು. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿರುವನು. ಕನ್ನಡದ 'ಜೆಟ್ಟಿ', 'ಜಟ್ಟಿ' ಎಂಬ ಮಾತುಗಳು ಈ ಜ್ಯೇಷ್ಠ ಶಬ್ದದಿಂದಲೇ ಹುಟ್ಟಿದುವೆಂಬುದು ಸಾಮಾನ್ಯವಾಗಿ ಒಪ್ಪಿರುವ ಮತ. ಅಭ್ಯಾಸಕ್ಕೆ ಅವನು ಬಳಸುವ ಮಾತು 'ಶ್ರಮ' ಎಂಬುದು. ಭಾರವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಸುವುದು ಸಲಿಲಶ್ರಮ, ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ಇಂದು ಮಲ್ಲಕಂಬವೆಂದು ಕರೆಯುವ ವ್ಯಾಯಾಮಕ್ಕೆ ಈ ಸ್ತಂಭಶ್ರಮವೇ ತಿಳಿದ ಮಟ್ಟಿಗೆ ಹಳೆಯ ಆಧಾರ. ಮಲ್ಲರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ, ಬಲಕರವಾದ ಭಕ್ಷ್ಯಗಳು ಅರಸನ ವೆಚ್ಚದಲ್ಲಿ ಸಲ್ಲಬೇಕು. ಅವರನ್ನು ಸ್ತ್ರೀಯರಿಂದ ದೂರವಿರಿಸಬೇಕು. ಈ ಕೊನೆಯ ನಿಯಮವನ್ನು ಕಂಡು ಬ್ರಹ್ಮಚರ್ಯದ ಆದರ್ಶವು ಇಲ್ಲಿಯೇ ಉಂಟೆಂದು ಹಿಗ್ಗುವವರು ಸ್ವಲ್ಪ ನಿಧಾನಿಸಬೇಕು. ತಾನೇ ವ್ರತವನ್ನು ಹಿಡಿಯುವುದು ಬೇರೆ, ಹೊರೆದವನು ಕಾವಲಿಡುವುದು ಬೇರೆ. ಲಾಯದ ಕುದುರೆಗೆ ಮೇವನ್ನು ಅಳೆದಿಡುವ ಎಚ್ಚರಿಕೆಯೇ ಇಲ್ಲಿಯೂ ಕೆಲಸಮಾಡಿದೆ.

ಇದಕ್ಕಿಂತ ಬಹಳ ಹಿಂದಿನಿಂದಲೂ ವ್ಯಾಯಾಮವನ್ನು ಅದನ್ನು ಮಾಡುವವನ ಹಿತಕ್ಕಾಗಿಯೇ ಹೇಳುತ್ತಿದ್ದವರು ಒಬ್ಬರುಂಟು, ಅವರು ವೈದ್ಯರು. ಚರಕ, ಸುಶ್ರುತ, ವಾಗ್ಭಟ ಈ ಮೂವರ ಸಂಹಿತೆಗಳಲ್ಲಿಯೂ ವ್ಯಾಯಾಮಕ್ಕೆ ಸ್ಥಳವಿದೆ. ಮೈ ಹಗುರಾಗುವುದು, ಕೆಲಸದಲ್ಲಿ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ ಇವು ಫಲಗಳು. ಆದರೆ ವೈದ್ಯರು ಒಂದು ಎಲ್ಲೆಯನ್ನು ಹಾಕಿರುವರು: ಬಲಶಾಲಿಯೂ ಕೂಡ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮವನ್ನು ಮಾಡತಕ್ಕುದು. ಮೀರಿದವನಿಗೆ ಬಾಯಾರಿಕೆ, ಕ್ಷಯ, ಉಬ್ಬಸ, ರಕ್ತಪಿತ್ತ, ಕೆಮ್ಮು, ಜ್ವರಗಳು ಬರುವುವೆಂದು ಎಚ್ಚರಿಸಿರುವರು. ಗೆಲ್ಲಬೇಕಾದ ಮಲ್ಲನಾದರೋ ಅರ್ಧಶಕ್ತಿಯಲ್ಲಿ ನಿಲ್ಲಲಾರನು. ಹೀಗೆ ವೈದ್ಯನ ವ್ಯಾಯಾಮವೂ ಮಲ್ಲನ ಶ್ರಮವೂ ಒಂದೇ ಚಲನೆಗಳಿಂದ ಕೂಡಿದ್ದರೂ ಗುರಿಯಲ್ಲಿ ಪರಸ್ಪರ ವಿರುದ್ಧವಾದುವು. ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿರುವವನು ಒಬ್ಬ ಪರದೇಶಿ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡವನು. ರಾಬರ್ಟ್ ಸ್ಯೂಯಲ್ಲನು ೧೯೦೦ರಲ್ಲಿ ಪ್ರಕಟಿಸಿದ ಅನುವಾದದಿಂದ ಅವನ ವರ್ಣನೆಯು ವಿದ್ವಾಂಸರಿಗೆಲ್ಲ ಪರಿಚಿತವಾಗಿದೆ. ಕೃಷ್ಣದೇವರಾಯನು ಬೆಳಕು ಹರಿಯುವುದಕ್ಕೆ ಮುಂಚೆಯೇ ಎದ್ದು ಸುಮಾರು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿಯುವನು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಳ್ಳುವನು, ಸೊಂಟಕ್ಕೆ ಚಿಕ್ಕ ಬಟ್ಟೆಯನ್ನು ಬಿಗಿದು ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಕೈಗಳಲ್ಲಿ ಎತ್ತುವನು, ಬಳಿಕ ಕತ್ತಿಯನ್ನು ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಧನೆಮಾಡುವನು, ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಹಿಡಿಯುವನು, ಅದು ಮುಗಿದ ಮೇಲೆ ಬೆಳಗಾಗುವವರೆಗೆ ಕುದುರೆಯನ್ನು ಬಯಲಿನಲ್ಲಿ ಓಡಿಸುವನು, ಕಡೆಗೆ ಸ್ನಾನ. ವಾಗ್ಭಟನ ದಿನಚರ್ಯಾಧ್ಯಾಯವನ್ನು ಬಲ್ಲವರಿಗೆ ಈ ಕ್ರಮವು ಹೊಸದಲ್ಲ. ಅಭ್ಯಂಗ, ವ್ಯಾಯಾಮ, ಸ್ನಾನ ಎಂಬ ಅನುಕ್ರಮವೇ ಅಲ್ಲಿಯೂ ಇದೆ. ಬೆವರನ್ನು ಅಳತೆಗೋಲಾಗಿ ಹಿಡಿಯುವುದೂ ವೈದ್ಯರ ಪದ್ಧತಿಗೆ ಸಮೀಪವಾದುದು. ವೈದ್ಯನ ದಿನಚರ್ಯೆಯೊಳಕ್ಕೆ ಮಲ್ಲನ ಪಟ್ಟನ್ನೂ ಯೋಧನ ಕತ್ತಿಯನ್ನೂ ರಾಯನು ಸೇರಿಸಿಕೊಂಡಿದ್ದನೆನ್ನಬಹುದು. ವಿನೋದವಿಂಶತಿಯ ಅರಸನು ಪೀಠದ ಮೇಲೆ ಕುಳಿತು ಮಲ್ಲರನ್ನು ನೋಡಿದನು. ಈ ಅರಸನು ಮಲ್ಲನ ಕೈಯನ್ನು ತಾನೇ ಹಿಡಿದನು. ಜೊತೆಗಾರನಾದ ಆ ಜಟ್ಟಿಯು ರಾಯನನ್ನು ಎಂದಾದರೂ ನಿಜವಾಗಿ ಕೆಡಹಿದನೇ ಎಂಬುದನ್ನು ಮಾತ್ರ ಪಾಯೆಸನು ಹೇಳಿಲ್ಲ!

ಅದೇ ಪಾಯೆಸನು ಮಹಾನವಮಿಯ ಕುಸ್ತಿಗಳನ್ನು ವರ್ಣಿಸುವಾಗ ಚಿತ್ರವು ಬೇರೆಯಾಗುತ್ತದೆ. ಅಲ್ಲಿ ಹೊಡೆತಗಳಿಂದ ಹಲ್ಲುಗಳು ಉದುರುವುವು, ಕಣ್ಣುಗಳು ಹೋಗುವುವು, ಮುಖಗಳು ವಿಕಾರವಾಗುವುವು. ಮಾತನಾಡಲಾರದೆ ಬಿದ್ದವರನ್ನು ಗೆಳೆಯರು ಹೊತ್ತುಕೊಂಡು ಹೋಗುವರು. ಜೋಡಿಗಳನ್ನು ಸಮನಾಗಿ ಕೂಡಿಸುವುದಕ್ಕೂ ಗೆದ್ದವನಿಗೆ ಮನ್ನಣೆಯನ್ನು ಸಲ್ಲಿಸುವುದಕ್ಕೂ ನಾಯಕರೂ ತೀರ್ಪುಗಾರರೂ ಇದ್ದರು. ಆದುದರಿಂದ ಅದು ನಿಯಮವಿಲ್ಲದ ಹೊಡೆದಾಟವಲ್ಲ. ಆದರೆ ಬೆಳಗಿನ ಜಾವದ ಆರೋಗ್ಯಸಾಧನೆಯೂ ಹಬ್ಬದ ದಿನದ ಒಡೆದ ಮುಖಗಳೂ ಒಂದೇ ಊರಿನಲ್ಲಿ ಒಂದೇ ಕಾಲದಲ್ಲಿದ್ದುವೆಂಬುದನ್ನು ಮರೆಯಲಾಗದು. ಸ್ವಲ್ಪ ಈಚಿನವನಾದ ನೂನಿಜನು ಅರಮನೆಯಲ್ಲಿ ಕುಸ್ತಿಹಿಡಿಯುವ ಸ್ತ್ರೀಯರೂ ಇದ್ದರೆಂದು ಹೇಳಿರುವನು. ಮಲ್ಲವಿದ್ಯೆಯು ಕೇವಲ ಪುರುಷರದೆಂಬ ಈಚಿನ ಗರಡಿಗಳ ನಿಯಮವನ್ನು ಪುರಾತನವೆಂದು ಹೇಳುವವರು ಈ ಒಂದು ಮಾತನ್ನು ಗಮನಿಸಬೇಕು.

ಮೈಸೂರು ಸೀಮೆಯ ಜೆಟ್ಟಿಗಳ ಚರಿತ್ರೆಯಲ್ಲಿ ಈ ವಿದ್ಯೆಯ ಎರಡು ಮುಖಗಳೂ ಒಂದೇ ಕೈಯಲ್ಲಿ ಸೇರಿವೆ. ಜನಿವಾರವನ್ನು ಧರಿಸುವ ಈ ಕುಲದವರ ದೇವತೆ ನಿಂಬಜಾದೇವಿ. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರು ತಮ್ಮ ವಿದ್ಯೆಯ ಮೂಲವನ್ನು ಹೇಳಿಕೊಳ್ಳುವ 'ಮಲ್ಲಪುರಾಣ'ದಲ್ಲಿಯೂ ಇದೇ ದೇವತೆಯು ಬರುವುದರಿಂದ ಎರಡು ಕಡೆಯವರಿಗೂ ಸಂಬಂಧವಿರುವುದು ಸ್ಪಷ್ಟ. ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಇವರ ವಜ್ರಮುಷ್ಟಿಯ ಕಾಳಗವನ್ನು ವರ್ಣಿಸಿರುವನು. ರಣಧೀರ ಕಂಠೀರವ ನರಸರಾಜ ಒಡೆಯನು ವೇಷಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡಹಿದನೆಂಬ ಕಥೆಯು ಪ್ರಸಿದ್ಧವಾದುದೇ.

ಎಡ್ಗರ್ ಥರ್ಸ್ಟನ್ನನು ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಹಿಂದೂಸ್ಥಾನದ ಜಾತಿಗಳ ಗ್ರಂಥದಲ್ಲಿ ಜೆಟ್ಟಿಗಳನ್ನು ಕುರಿತು ಎರಡು ಸಂಗತಿಗಳು ದೊರೆಯುವುವು. ಒಂದು, ಅರಸರ ಕಾಲದಲ್ಲಿ ಇವರಲ್ಲಿ ಕೆಲವರು ಅಪರಾಧಿಗಳ ಕತ್ತನ್ನು ತಿರುಚಿ ಕೊಲ್ಲುವ ಕೆಲಸಕ್ಕೆ ನೇಮಕವಾಗಿದ್ದರು. ಶ್ರೀರಂಗಪಟ್ಟಣದಲ್ಲಿ ಟೀಪುವಿನ ಸೆರೆಯಲ್ಲಿದ್ದ ಆಂಗ್ಲರೂ ಇದನ್ನೇ ಬರೆದಿರುವರು. ಶತ್ರುಗಳ ಮಾತಾದುದರಿಂದ ಅವರ ಉತ್ಪ್ರೇಕ್ಷೆಯನ್ನು ಕಳೆದು ಓದಬೇಕಾದರೂ ಮೂಲಸಂಗತಿಯನ್ನು ಅಲ್ಲಗಳೆಯುವಂತಿಲ್ಲ. ಇನ್ನೊಂದು, ಇವರು ನೋವಿಗೆ ಎಣ್ಣೆಹಚ್ಚಿ ನೀವುವುದರಲ್ಲಿಯೂ ನರಗಳ ಬೇನೆಯನ್ನು ಕಳೆಯುವುದರಲ್ಲಿಯೂ ಹೆಸರಾದವರು. ಕತ್ತಿನ ಕೀಲು ಎಲ್ಲಿ ಕಳಚುವುದೆಂಬುದನ್ನು ಬಲ್ಲ ಕೈಗೆ ಭುಜದ ಕೀಲನ್ನು ಕೂಡಿಸುವ ದಾರಿಯೂ ತಿಳಿದಿರುವುದು ಆಶ್ಚರ್ಯವಲ್ಲ. ಎರಡೂ ಒಂದೇ ಅಭ್ಯಾಸದ ಕುಡಿಗಳು. ಯಾವುದನ್ನು ಮಾಡಿಸಬೇಕೆಂಬುದನ್ನು ಗೊತ್ತುಮಾಡುತ್ತಿದ್ದವನು ಜೆಟ್ಟಿಯಲ್ಲ, ಅವನಿಗೆ ಅನ್ನವಿಡುವ ಪ್ರಭು. ವಿದ್ಯೆಯು ತಾನಾಗಿಯೇ ಮನುಷ್ಯನನ್ನು ಸಾತ್ತ್ವಿಕನನ್ನಾಗಿ ಮಾಡುವುದೆಂಬ ವಾದಕ್ಕೆ ಈ ಭಾಗವು ಅನುಕೂಲವಾಗಿಲ್ಲ.

ಅರಮನೆಯ ಹಂಗಿಲ್ಲದ ಊರ ಗರಡಿಯ ಮಾತು ಬೇರೆ. ತುಳುನಾಡಿನಲ್ಲಿ ಗರಡಿಯೆಂದರೆ ಕೋಟಿ ಚೆನ್ನಯರೆಂಬ ಅವಳಿವೀರರ ಆರಾಧನೆಯ ಸ್ಥಾನ. ಸಾಧನೆಯ ಮನೆಯ ಹೆಸರು ಅಲ್ಲಿ ದೇವಸ್ಥಾನದ ಹೆಸರಾಗಿ ನಿಂತಿದೆ. ಮೈಸೂರಿನ ಹಳೆಯ ಕೇರಿಗಳ ಗರಡಿಮನೆಗಳಲ್ಲಿ ಆಂಜನೇಯನ ಮೂರ್ತಿ ಅಥವಾ ಪಟ, ಎಣ್ಣೆ ಅರಿಸಿನ ಮುಂತಾದುವನ್ನು ಬೆರಸಿ ಹದಮಾಡಿದ ಕೆಮ್ಮಣ್ಣಿನ ಅಂಕಣ, ಗೋಡೆಗೊರಗಿಸಿದ ಗದೆಗಳು, ಕಲ್ಲುಗುಂಡುಗಳು ಇವಿಷ್ಟೇ ಸಾಮಗ್ರಿ. ಇಲ್ಲಿನ ಭಾಷೆಯನ್ನು ಗಮನಿಸುವುದು ಉಪಯುಕ್ತ. ಸಾಮು, ವರಸೆ, ಪಟ್ಟು ಎಂಬ ಮಾತುಗಳ ಜೊತೆಯಲ್ಲಿಯೇ ಕುಸ್ತಿ, ಪೈಲ್ವಾನ್, ಉಸ್ತಾದ್ ಎಂಬ ಪಾರಸೀ ಶಬ್ದಗಳೂ ನೆಲಸಿವೆ. ಆಂಜನೇಯನಿಗೆ ಕೈಮುಗಿದು ಉಸ್ತಾದನ ಕಾಲು ಮುಟ್ಟುವ ಹುಡುಗನಿಗೆ ಈ ಎರಡು ಮೂಲಗಳ ಬೇಧವು ತೋರದು. ಗರಡಿಯು ಹಿಂದೂಗಳೂ ಮುಸಲ್ಮಾನರೂ ಒಂದೇ ಮಣ್ಣಿನಲ್ಲಿ ಹೊರಳಿದ ಸ್ಥಳವೆಂಬುದಕ್ಕೆ ಈ ಶಬ್ದಗಳೇ ಶಾಸನಗಳು.

ಇಂಥ ಗರಡಿಗೆ ಬರುವವರಲ್ಲಿ ಬಹುಮಂದಿಗೆ ಪಂದ್ಯದಲ್ಲಿ ಹೆಸರು ಪಡೆಯುವ ಆಸೆಯಿದ್ದರೂ ಯೋಗ್ಯತೆಯಿರುವುದು ಕೆಲವರಿಗೆ ಮಾತ್ರ. ಉಳಿದವರು ಬೆಳಿಗ್ಗೆ ದಂಡೆ ಬಸ್ಕಿಗಳನ್ನು ತೆಗೆದು, ಮಣ್ಣನ್ನು ಗುದ್ದಲಿಯಿಂದ ಅಗೆದು, ಜೊತೆಗಾರನೊಡನೆ ಹಿಡಿದು ಮನೆಗೆ ಹೋಗುವರು. ಅವರ ಶ್ರಮವನ್ನು ಕೊಂಡುಕೊಳ್ಳುವ ಪ್ರಭುವಿಲ್ಲ. ಹಾಲನ್ನೂ ಬಾದಾಮಿಯನ್ನೂ ಅವರೇ ಸಂಪಾದಿಸಿಕೊಳ್ಳಬೇಕು. ಪಥ್ಯವೂ ಬ್ರಹ್ಮಚರ್ಯವೂ ಇಲ್ಲಿ ಕಾವಲಾಗಿ ಉಳಿಯದೆ ವ್ರತವಾಗುವುವು. ಹಿರಿಯ ಪೈಲ್ವಾನನು ಕಿರಿಯನಿಗೆ ಪಟ್ಟನ್ನು ಕಲಿಸುವಾಗ ತನ್ನ ಬಲವನ್ನೆಲ್ಲ ಬಿಡುವುದಿಲ್ಲ. ಅವನ ಬಲಕ್ಕಿಂತ ಒಂದು ಎಳೆಯಷ್ಟು ಹೆಚ್ಚಾಗಿ ಮಾತ್ರ ತೋರಿಸಿ ಅವನನ್ನು ಮೇಲೆತ್ತುವನು. ವೈದ್ಯರು ಶಾಸ್ತ್ರದಿಂದ ಹಾಕಿದ ಎಲ್ಲೆಯನ್ನು ಗರಡಿಯು ಎದುರಾಳಿಯ ಮೇಲಿನ ಕರುಣೆಯಿಂದ ಸಾಧಿಸಿತು. ಗಾದೆಗಳಲ್ಲಿ ಮಾತ್ರ ಜಟ್ಟಿಯು ಮೀಸೆಗೆ ಮಣ್ಣಾಗಲಿಲ್ಲವೆಂದು ಜಂಭಕೊಚ್ಚುವವನಾಗಿಯೇ ಉಳಿದಿರುವನು. ಗರಡಿಯಲ್ಲಿ ಮೊದಲ ದಿನವೇ ಮೀಸೆ ಮಣ್ಣಾಗುವುದೆಂಬುದು ಗಾದೆಕಟ್ಟಿದವರಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಶ್ರಮವು ಕಾಳಗದಿಂದ ಪೂರ್ತಿಯಾಗಿ ಬಿಡಿಸಿಕೊಂಡಿತು. ಅದು ಮೈಸೂರು ಅರಮನೆಯ ಆಶ್ರಯದಲ್ಲಿ ಒಂದು ದಾರಿಯನ್ನೂ ಬೆಂಗಳೂರಿನಲ್ಲಿ ಇನ್ನೊಂದು ದಾರಿಯನ್ನೂ ಹಿಡಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡಸಿದರು. ಅವರ 'ಯೋಗಮಕರಂದ'ವು ಕನ್ನಡದಲ್ಲಿಯೇ ಬರೆದ ಗ್ರಂಥ. ಮುಮ್ಮಡಿ ಕೃಷ್ಣರಾಜರ 'ಶ್ರೀತತ್ತ್ವನಿಧಿ'ಯಲ್ಲಿ ೧೨೨ ಆಸನಗಳ ಚಿತ್ರಗಳುಂಟು. ಇವುಗಳನ್ನೂ ಗರಡಿಯ ದಂಡೆಗಳನ್ನೂ ಹೋಲಿಸಿ, ಮೈಸೂರಿನ ಆಸನಪದ್ಧತಿಗೆ ಮಲ್ಲರ ವ್ಯಾಯಾಮವೂ ಒಂದು ಮೂಲವೆಂದು ಎನ್. ಇ. ಶ್ಯೋಮನ್ ಎಂಬ ವಿದ್ವಾಂಸರು ೧೯೯೬ರಲ್ಲಿ ಪ್ರತಿಪಾದಿಸಿದರು. ಮೈಯ ಭಂಗಿಗಳು ಎಣಿಕೆಗೆ ಸಿಕ್ಕುವಷ್ಟೇ ಇರುವುದರಿಂದ ಬರಿಯ ಹೋಲಿಕೆಯಿಂದ ವಂಶವನ್ನು ನಿರ್ಣಯಿಸಲಾಗದು. ಆದರೂ 'ಚತುರಂಗದಂಡಾಸನ'ವನ್ನು ಮಾಡುವವನನ್ನು ಗರಡಿಯ ಹುಡುಗನು ಕಂಡರೆ ದಂಡೆ ತೆಗೆಯುತ್ತಿರುವನೆಂದೇ ತಿಳಿಯುವನು.

ಬೆಂಗಳೂರಿನ ದಾರಿಯು ಕೆ. ವಿ. ಅಯ್ಯರ್ ಅವರದು. ೧೮೯೭ರಲ್ಲಿ ಹುಟ್ಟಿ ೧೯೮೦ರಲ್ಲಿ ತೀರಿಕೊಂಡ ಇವರನ್ನು ಸಾಹಿತ್ಯದ ಅಧ್ಯಾಪಕರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದೂ ಕೈಲಾಸಂ ಅವರ ಗೆಳೆಯರೆಂದೂ ಬಲ್ಲರು. ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಅಯ್ಯರ್ ಎಂಬುದು ಅವರ ಮೊದಲ ಕೀರ್ತಿ. ಭಾರವನ್ನೆತ್ತುವ ಪಾಶ್ಚಾತ್ಯ ಪದ್ಧತಿಯನ್ನೂ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಕೂಡಿಸಿ ಒಂದು ಕ್ರಮವನ್ನು ಕಟ್ಟಿ, ೧೯೩೦ರಿಂದ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದರು. ಈ ಕ್ರಮದಲ್ಲಿ ಕೆಡಹಬೇಕಾದ ಎದುರಾಳಿಯಿಲ್ಲ, ನೋಡಿ ನಲಿಯುವ ಪ್ರಭುವಿಲ್ಲ. ಶ್ರಮವೂ ಫಲವೂ ಒಂದೇ ಮೈಯಲ್ಲಿ ಸೇರಿದುವು. ವೈದ್ಯರು ಬಯಸಿದುದೂ ಇದನ್ನೇ. ಆದರೆ ಮಣ್ಣಿನ ಅಂಕಣವೂ, ಬಲವನ್ನು ಅಳೆದು ತೋರಿಸುವ ಹಿರಿಯನ ತೋಳೂ, ಸೋತು ಮಣ್ಣು ಕೊಡವಿಕೊಂಡೇಳುವ ಅನುಭವವೂ ಇದರಲ್ಲಿ ಉಳಿಯಲಿಲ್ಲ. ೧೯೪೨ರಲ್ಲಿ ಹೊರಬಂದ ಅಯ್ಯರ್ ಅವರ ಪುಸ್ತಕವೊಂದು ಅಂಚೆಯ ಮೂಲಕ ಅಂಗಸಾಧನೆಯನ್ನು ಕಲಿಸುವ ವಿಷಯದ್ದು. ದೂರದ ಊರಿನ ಶಿಷ್ಯನು ಪಾಠವನ್ನು ಲಕೋಟೆಯಿಂದ ತೆಗೆದು, ಕೋಣೆಯ ಬಾಗಿಲನ್ನು ಹಾಕಿಕೊಂಡು ಒಬ್ಬನೇ ಅಭ್ಯಾಸಮಾಡಬಹುದಾಗಿದ್ದಿತು.